ಶೂಟರ್ ಆಟಗಳ ಪಂಕ್ತಿಭೇದ

ಬಂದೂಕಿನ ವಿಡಿಯೋ ಗೇಮ್ ಆಡುವವರ ನಡುವೆ ಒಂದು ಪಟ್ಟಿ ಓಡಾಡುತ್ತಿದೆ. ಯಾರೂ ಅದನ್ನು ಬರೆದಿಟ್ಟಿಲ್ಲ, ಆದರೆ ಎಲ್ಲರಿಗೂ ಬಾಯಿಪಾಠ. ಎಲ್ಲಕ್ಕಿಂತ ಮೇಲೆ ಕೌಂಟರ್ ಸ್ಟ್ರೈಕ್. ಅದರ ಕೆಳಗೆ, ಮೂಗು ಮುರಿಯುತ್ತಲೇ ಜಾಗ ಬಿಟ್ಟುಕೊಟ್ಟ ವ್ಯಾಲರಂಟ್. ಆಮೇಲೆ ರೇನ್‌ಬೋ ಸಿಕ್ಸ್, ಏಪೆಕ್ಸ್, ಕಾಲ್ ಆಫ್ ಡ್ಯೂಟಿ. ಇವುಗಳಲ್ಲಿ ಯಾರು ಮುಂದೆ ಯಾರು ಹಿಂದೆ ಎಂಬ ಜಗಳ ಇನ್ನೂ ಮುಗಿದಿಲ್ಲ. ಮೊಬೈಲ್ ಆಟಗಳಿಗೆ ಮಾತ್ರ ಈ ಪಂಕ್ತಿಯಲ್ಲಿ ಎಲೆಯೇ ಇಲ್ಲ. ಬಿಜಿಎಂಐ (ಪಬ್ಜಿ ಮೊಬೈಲಿನ ಭಾರತದ ರೂಪ), ಕಾಲ್ ಆಫ್ ಡ್ಯೂಟಿ ಮೊಬೈಲ್, ಫ್ರೀ ಫೈರ್ ಆಡುವವರು ಹೊರಗಿನ ಜಗಲಿಯಲ್ಲಿ ಕೂರಬೇಕು. ಕಾರಣ ಕೇಳಿದರೆ ಉತ್ತರ ಒಂದೇ: ಅದರಲ್ಲಿ ಸ್ಕಿಲ್ ಬೇಡ.

ಈ ಪಟ್ಟಿ ಸ್ಕಿಲ್ಲಿನ ಪಟ್ಟಿಯೇ ಅಲ್ಲ. ಯಾರ ಮನೆಯಲ್ಲಿ ಏನಿತ್ತು, ಯಾರ ಊರಿಗೆ ಯಾವ ವರ್ಷ ಯಾವ ತಂತಿ ಬಂತು ಎಂಬುದರ ಪಟ್ಟಿ. ಅದಕ್ಕೆ ಸ್ಕಿಲ್ ಎಂಬ ಹೆಸರಿಟ್ಟು ಇಪ್ಪತ್ತು ವರ್ಷದಿಂದ ನಡೆಸಿಕೊಂಡು ಬಂದಿದ್ದಾರೆ.

ನಾನು ಬದುಕುವ ಊರು ಕನ್ಹಾನ್. ನಾಗಪುರದಿಂದ ಕಾಮಠಿ ದಾಟಿ ಕನ್ಹಾನ್ ನದಿಯ ಸೇತುವೆ ಇಳಿದರೆ ಸಿಗುತ್ತದೆ. ಸುತ್ತ ವೆಸ್ಟರ್ನ್ ಕೋಲ್‌ಫೀಲ್ಡ್ಸ್‌ನ ಕಲ್ಲಿದ್ದಲು ಗಣಿಗಳು, ರಸ್ತೆ ತುಂಬ ಲಾರಿ, ಲಾರಿಯ ಹಿಂದೆ ಕಪ್ಪು ಧೂಳು. ವಾರಾಣಸಿಯಿಂದ ಹೊರಟು ಬೆಂಗಳೂರಿನ ಮೇಲೆ ಕನ್ಯಾಕುಮಾರಿಗೆ ಹೋಗುತ್ತಿದ್ದ ಹಳೆಯ ಏಳನೇ ನಂಬರಿನ ಹೆದ್ದಾರಿ ಇದೇ ದಾರಿಯಲ್ಲಿ ಬರುತ್ತಿತ್ತು. ಇಲ್ಲಿ ಗೇಮಿಂಗ್ ಪಿಸಿ ಇರುವ ಮನೆಯನ್ನು ಹುಡುಕಿಕೊಂಡು ಹೋಗಬೇಕು. ಫೋನಿನಲ್ಲಿ ಆಡದ ಹುಡುಗನನ್ನು ಹುಡುಕುವುದು ಅದಕ್ಕಿಂತ ಕಷ್ಟ. ರಜೆಗೆ ಬೆಂಗಳೂರಿನಿಂದ ಬಂದಿದ್ದ ನನ್ನ ಅಕ್ಕನ ಮಗ ಇಲ್ಲಿನ ಹುಡುಗರು ಚಹಾದಂಗಡಿಯ ಬೆಂಚಿನಲ್ಲಿ ಸಾಲಾಗಿ ಕೂತು ಆಡುವುದನ್ನು ನೋಡಿ, "ಮಾಮ, ಇದೆಲ್ಲ ಟೈಮ್‌ಪಾಸ್. ಆಟ ಅಂದ್ರೆ ಸಿಎಸ್" ಎಂದ. ಸಿಎಸ್ ಎಂದರೆ ಕೌಂಟರ್ ಸ್ಟ್ರೈಕ್. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನು ಕೇಳಿದ್ದನ್ನು ಒಪ್ಪಿಸಿದ, ಅಷ್ಟೇ. ಸಿಟ್ಟು ಅವನಿಗೆ ಹೀಗೆ ಕಲಿಸಿದವರ ಮೇಲೆ.

ಮೊದಲು ಅವರ ಅತಿ ದೊಡ್ಡ ಅಸ್ತ್ರವನ್ನೇ ತೆಗೆದುಕೊಳ್ಳೋಣ: ಏಮ್. ಗುರಿ. ಕೌಂಟರ್ ಸ್ಟ್ರೈಕ್‌ನಲ್ಲಿ ಗುರಿಯೇ ಸರ್ವಸ್ವ, ಬೇರೆ ಆಟಗಳಲ್ಲಿ ಅದು ಕಲಬೆರಕೆ ಎನ್ನುತ್ತಾರೆ. ಗುರಿ ಒಂದೇ ಬಗೆಯದ್ದು ಎಂದು ಇವರಿಗೆ ಹೇಳಿದ್ದು ಯಾರು? ಗುರಿಯ ತಾಲೀಮಿಗೆಂದೇ ಮಾಡಿದ ಏಮ್ ಲ್ಯಾಬ್, ಕೋವಾಕ್ಸ್‌ನಂಥ ಸಾಧನಗಳೂ ಅದನ್ನು ಒಡೆದೇ ಕಲಿಸುತ್ತವೆ. ನಿಂತ ಗುರಿಯ ಮೇಲೆ ಥಟ್ಟನೆ ಕೈ ಇಡುವುದು ಒಂದು. ಓಡುವ ಗುರಿಯನ್ನು ಬಿಡದೆ ಹಿಂಬಾಲಿಸುವುದು ಇನ್ನೊಂದು. ಒಬ್ಬನಿಂದ ಮತ್ತೊಬ್ಬನಿಗೆ ದಾಟುವುದು ಮೂರನೆಯದು. ಕೌಂಟರ್ ಸ್ಟ್ರೈಕ್‌ನಲ್ಲಿ ಎಕೆ-47ರ ಒಂದು ಗುಂಡು ತಲೆಗೆ ಬಿದ್ದರೆ ಹೆಲ್ಮೆಟ್ ಇದ್ದರೂ ಆಟ ಮುಗಿಯಿತು. ಹಾಗಾಗಿ ಅಲ್ಲಿ ಮೊದಲನೆಯ ಬಗೆಗೆ ಬೆಲೆ ಹೆಚ್ಚು. ಎದುರಾಳಿ ಎಲ್ಲಿಂದ ತಲೆ ಹಾಕುತ್ತಾನೋ ಆ ಎತ್ತರಕ್ಕೆ ಮುಂಚೆಯೇ ಕ್ರಾಸ್‌ಹೇರ್ ಇಟ್ಟುಕೊಂಡಿರುವುದೇ ಅರ್ಧ ಗೆಲುವು. ಏಪೆಕ್ಸ್‌ನಲ್ಲಿ ಕವಚ ತೊಟ್ಟವನನ್ನು ಬೀಳಿಸಲು ಹತ್ತು ಹದಿನೈದು ಗುಂಡು ಬೇಕು. ಅವನು ಜಾರುತ್ತ, ಹಾರುತ್ತ, ಗೋಡೆ ಹತ್ತುತ್ತ ಇರುವಾಗ ಒಂದು ಸೆಕೆಂಡಿಗೂ ಹೆಚ್ಚು ಹೊತ್ತು ಗುರಿ ಕದಲಬಾರದು. ಒಂದರಲ್ಲಿ ಪಳಗಿದ ಕೈ ಇನ್ನೊಂದರಲ್ಲಿ ತಡವರಿಸುತ್ತದೆ. ಇದರಲ್ಲಿ ಮೇಲು ಯಾವುದು, ಕೀಳು ಯಾವುದು?

ಈ ಏಮ್ ಭಕ್ತರು 2018ರ ಅಕ್ಟೋಬರ್ ತಿಂಗಳನ್ನೂ ನೆನಪಿಸಿಕೊಳ್ಳಬೇಕು. ಶಾಂಘೈಯಲ್ಲಿ ಕೌಂಟರ್ ಸ್ಟ್ರೈಕ್‌ನ ಎಕ್ಸ್‌ಟ್ರೀಮ್ಸ್‌ಲ್ಯಾಂಡ್ ಟೂರ್ನಿ. ಆಪ್ಟಿಕ್ ಇಂಡಿಯಾ ತಂಡದ ಆಟಗಾರನೊಬ್ಬ ಪಂದ್ಯದ ನಡುವೆಯೇ ಸಿಕ್ಕಿಬಿದ್ದ. ಗುರಿಯನ್ನು ತಾನೇ ಸರಿಪಡಿಸುವ ಒಂದು ಪುಟ್ಟ ಪ್ರೋಗ್ರಾಂ ಅವನ ಕಂಪ್ಯೂಟರಿನಲ್ಲಿತ್ತು. ಅದರ ಹೆಸರು 'ವರ್ಡ್'. ತಂಡ ಅನರ್ಹವಾಯಿತು, ಆಮೇಲೆ ತಂಡವೇ ಇಲ್ಲವಾಯಿತು. ಮೋಸ ಎಲ್ಲ ಆಟದಲ್ಲೂ ಇದೆ, ಮೊಬೈಲಿನಲ್ಲಿ ಹ್ಯಾಕರ್‌ಗಳ ಸಂತೆಯೇ ಇದೆ; ಅದು ನನ್ನ ವಿಷಯವಲ್ಲ. ಇವರು ತಲೆಯ ಮೇಲೆ ಹೊತ್ತು ಮೆರೆಸುವ ಕೌಶಲವನ್ನೇ ಒಂದು ಸಣ್ಣ ಫೈಲ್ ಮಾಡಿಬಿಡುತ್ತದೆ. ತಂಡದ ಹಣ ಎಷ್ಟಿದೆ, ಈ ಸುತ್ತು ಉಳಿತಾಯ ಮಾಡೋಣವೇ ಖರ್ಚು ಮಾಡೋಣವೇ, ಎದುರಿನವರು ಒಂದು ಕಡೆ ಗದ್ದಲ ಮಾಡುತ್ತಿರುವುದು ನಿಜವೋ ನಾಟಕವೋ ಎಂಬುದನ್ನು ಆ ಫೈಲ್ ಹೇಳಿಕೊಡಲಿಲ್ಲ. ಕೌಂಟರ್ ಸ್ಟ್ರೈಕ್ ದೊಡ್ಡ ಆಟ ಎನಿಸುವುದು ಅದರಿಂದ. ಅದನ್ನು ಹಾಡಿ ಹೊಗಳುವವರಿಗೇ ಅದರ ಹಿರಿಮೆ ಎಲ್ಲಿದೆಯೆಂದು ಗೊತ್ತಿಲ್ಲ.

ಈಗ ವ್ಯಾಲರಂಟ್. "ಅದರಲ್ಲಿ ಗುಂಡು ಹೊಡೆಯುವುದಲ್ಲ, ಮಂತ್ರ ಹಾಕುವುದು" ಎಂಬ ಕುಹಕ ಎಲ್ಲರಿಗೂ ಗೊತ್ತು. 2020ರ ಜೂನ್‌ನಲ್ಲಿ ಬಂದ ಆಟ. ಒಬ್ಬೊಬ್ಬ ಏಜೆಂಟ್‌ಗೆ ತನ್ನದೇ ಶಕ್ತಿಗಳು: ಒಬ್ಬಳು ಗೋಡೆ ಎಬ್ಬಿಸುತ್ತಾಳೆ, ಒಬ್ಬ ಬಾಣ ಬಿಟ್ಟು ಮೂಲೆಯಲ್ಲಿರುವವರನ್ನು ತೋರಿಸುತ್ತಾನೆ. ಸರಿ, ಕೌಂಟರ್ ಸ್ಟ್ರೈಕ್‌ನಲ್ಲಿ ಏನಿದೆ? 300 ಡಾಲರಿಗೆ ಹೊಗೆಬಾಂಬು, 200 ಡಾಲರಿಗೆ ಕಣ್ಣು ಕುಕ್ಕುವ ಫ್ಲ್ಯಾಷ್. ಗೋಡೆಯ ಯಾವ ಕಲೆಗೆ ಗುರಿಯಿಟ್ಟು, ಹಾರಿ ಎಸೆದರೆ ಹೊಗೆ ಯಾವ ಬಾಗಿಲಲ್ಲಿ ಬೀಳುತ್ತದೆ ಎಂದು ತಿಂಗಳುಗಟ್ಟಲೆ ಬಾಯಿಪಾಠ ಮಾಡುವವರು ಇದೇ ಸಿಎಸ್ ಹುಡುಗರು. ಅಲ್ಲಿ ಯಾರು ಬೇಕಾದರೂ ಕೊಳ್ಳಬಹುದಾದ ಶಕ್ತಿ, ಇಲ್ಲಿ ಆ ಏಜೆಂಟನ್ನು ಆರಿಸಿದವನಿಗೆ ಮಾತ್ರ ಸಿಗುವ ಶಕ್ತಿ. ಎಲ್ಲರಿಗೂ ಸಿಗುವುದು ಶುದ್ಧ, ಒಬ್ಬನಿಗೆ ಸಿಗುವುದು ಮೈಲಿಗೆ!

ನಿಜವಾದ ವ್ಯತ್ಯಾಸ ಬೇರೆ ಕಡೆ ಇದೆ, ಅದನ್ನು ಯಾರೂ ಮಾತಾಡುವುದಿಲ್ಲ. ಕೌಂಟರ್ ಸ್ಟ್ರೈಕ್‌ನಲ್ಲಿ ಎಕೆ ಒಂದೇ ಸಮನೆ ಸಿಡಿದಾಗ ಅದರ 30 ಗುಂಡು ಹೆಚ್ಚುಕಡಿಮೆ ಒಂದೇ ಗೊತ್ತಾದ ದಾರಿಯಲ್ಲಿ ಮೇಲೇರಿ ಆಚೀಚೆ ಹೊರಳುತ್ತವೆ. ಆ ದಾರಿಗೆ ತದ್ವಿರುದ್ಧವಾಗಿ ಮೌಸ್ ಎಳೆಯಲು ಕಲಿತವನಿಗೆ ಸ್ಪ್ರೇ ವಶವಾಗುತ್ತದೆ. ವ್ಯಾಲರಂಟ್‌ನಲ್ಲಿ ಗುಂಡುಗಳ ಹೊರಳಾಟ ಅಷ್ಟು ಗೊತ್ತುಪಡಿಸಿದ್ದಲ್ಲ. ಅಲ್ಲಿ ಸಂಯಮ ಬೇಕು: ನಾಲ್ಕು ಗುಂಡು ಹೊಡೆ, ನಿಲ್ಲಿಸು, ಪಕ್ಕಕ್ಕೆ ಸರಿ, ಮತ್ತೆ ಹೊಡೆ. ಫ್ಯಾಂಟಮ್ ಎಂಬ ಬಂದೂಕು ಎತ್ತಿಕೊಂಡರೆ ಹತ್ತಿರದಲ್ಲಿ ತಲೆಗೆ ಒಂದೇ ಗುಂಡು ಸಾಕು, ದೂರವಾದರೆ ಪೂರ್ತಿ ಕವಚದವನು ಬದುಕುತ್ತಾನೆ. ವ್ಯಾಂಡಲ್‌ ಬಂದೂಕಿಗೆ ಆ ಚಿಂತೆ ಇಲ್ಲ. ಯಾವ ಮೂಲೆಗೆ ಯಾವುದು ಎಂದು ಸುತ್ತು ಶುರುವಾಗುವ ಮುಂಚೆಯೇ ತೀರ್ಮಾನಿಸಿರಬೇಕು. ಕೈಯ ನೆನಪು ಒಂದು ಕಡೆ, ಕೈಯ ಹಿಡಿತ ಇನ್ನೊಂದು ಕಡೆ. ಎರಡನ್ನೂ ತೂಗುವ ತಕ್ಕಡಿ ಯಾರ ಹತ್ತಿರ ಇದೆ?

ಸಿಎಸ್‌ನಲ್ಲಿ ಸೋತವರು ವ್ಯಾಲರಂಟ್‌ಗೆ ಹೋಗಿ ದೊಡ್ಡವರಾದರು, ಅದೇ ಸಾಕ್ಷಿ ಎನ್ನುತ್ತಾರೆ. ಟೆನ್‌ಝಿ ಹೆಸರು ತೆಗೆಯುತ್ತಾರೆ. ಕ್ಲೌಡ್9 ತಂಡದಲ್ಲಿ ಸಿಎಸ್ ಆಡಿ ಹೆಸರು ಮಾಡದ ಹುಡುಗ, 2021ರಲ್ಲಿ ಸೆಂಟಿನೆಲ್ಸ್ ಜೊತೆ ರೇಕ್ಯಾವಿಕ್ ಮಾಸ್ಟರ್ಸ್ ಗೆದ್ದ. ಹಾಗಾದರೆ ಸಿಎಸ್‌ನಲ್ಲಿ ತಲೆಗೇ ಹೊಡೆಯುವುದಕ್ಕೆ ಜಗತ್ಪ್ರಸಿದ್ಧನಾಗಿದ್ದ ಸ್ಕ್ರೀಮ್ ವ್ಯಾಲರಂಟ್‌ನ ವಿಶ್ವಕಪ್ಪುಗಳನ್ನೆಲ್ಲ ಗುಡಿಸಿ ಹಾಕಬೇಕಿತ್ತಲ್ಲ? ಹಾಗಾಗಲಿಲ್ಲ. ಗೆದ್ದದ್ದು ಬೋಸ್ಟರ್. ಇಂಗ್ಲೆಂಡಿನ ಈತನ ಸಿಎಸ್ ಬದುಕು ಹೇಳಿಕೊಳ್ಳುವಂಥದ್ದೇನಲ್ಲ. ಏಮ್‌ನಲ್ಲೂ ಯಾರೂ ಅವನನ್ನು ಮೊದಲ ಸಾಲಿನಲ್ಲಿ ಕೂರಿಸುವುದಿಲ್ಲ. ಅವನ ನಾಯಕತ್ವದಲ್ಲಿ ಫ್ನಾಟಿಕ್ 2023ರಲ್ಲಿ ಸಾವೊ ಪೌಲೊ ಟೂರ್ನಿಯನ್ನೂ ಟೋಕಿಯೊ ಟೂರ್ನಿಯನ್ನೂ ಗೆದ್ದಿತು. ಹೆಡ್‌ಸೆಟ್ ಹಾಕಿಕೊಂಡು ನಾಲ್ಕು ಜನರನ್ನು ಒಂದು ಮಾತಿಗೆ ತರುವ ಶಕ್ತಿ ಅವನದು. ಅದು ಸ್ಕಿಲ್ ಅಲ್ಲವಾದರೆ ಯಾವುದು ಸ್ಕಿಲ್?

ಶುದ್ಧಿಯ ಮಾತೇ ಆದರೆ ಸಿಎಸ್ ಭಕ್ತರಿಗೆ ಇನ್ನೂ ಹಿರಿಯರಿದ್ದಾರೆ. 1999ರ ಕ್ವೇಕ್ 3ರಲ್ಲಿ ಇಬ್ಬರೇ ಎದುರುಬದುರು. ಕವಚ 25 ಸೆಕೆಂಡಿಗೊಮ್ಮೆ, ಮೆಗಾ ಹೆಲ್ತ್ 35 ಸೆಕೆಂಡಿಗೊಮ್ಮೆ ಹುಟ್ಟುತ್ತದೆ; ಗಡಿಯಾರ ತಲೆಯೊಳಗೇ ಓಡಬೇಕು, ಕಾಲು ಹಾರುತ್ತ ವೇಗ ಹೆಚ್ಚಿಸಿಕೊಳ್ಳಬೇಕು, ಕೈ ರಾಕೆಟ್ ಬಿಡಬೇಕು. ಕ್ವೇಕ್ ಆಡಿದವರ ಕಣ್ಣಿಗೆ ಸಿಎಸ್ ಎಂದರೆ ಬಾಗಿಲ ಸಂದಿಯಲ್ಲಿ ಕಾದು ಕೂರುವವರ ಆಟ. ಈ ಮಾತು ಕೇಳಿದರೆ ಸಿಎಸ್ ಹುಡುಗರ ಮುಖ ಕೆಂಪಾಗುತ್ತದೆ. ಆಗಲಿ. ಅದೇ ಕೆಂಪು ಕನ್ಹಾನ್ ಹುಡುಗರ ಮುಖದಲ್ಲೂ ಏರುತ್ತದೆ ಎಂಬುದು ಗೊತ್ತಾದರೆ ಸಾಕು.

ಇನ್ನು ಮೊಬೈಲಿಗೆ ಬರೋಣ. ಹತ್ತಿರ ಕೂತು ನೋಡದವರೇ ಇದನ್ನು ಹೆಚ್ಚು ಬೈಯುವವರು. ನಾನು ನೋಡಿದ್ದನ್ನು ಹೇಳುತ್ತೇನೆ. ಹುಡುಗ ಮೊದಲು ಬೆರಳಿಗೆ ಪೌಡರ್ ಹಚ್ಚಿಕೊಳ್ಳುತ್ತಾನೆ, ವಿದರ್ಭದ ಸೆಕೆಗೆ ಬೆವರು ಗಾಜಿನ ಮೇಲೆ ಅಂಟುತ್ತದೆ. ಕೆಲವರು ಹೆಬ್ಬೆರಳಿಗೆ ತೆಳುಬಟ್ಟೆಯ ಸ್ಲೀವ್ ಹಾಕುತ್ತಾರೆ. ಫೋನನ್ನು ಏಡಿಯಂತೆ ಹಿಡಿದು ಎರಡು ಹೆಬ್ಬೆರಳು, ಎರಡು ತೋರುಬೆರಳು ಪರದೆಯ ಮೇಲೆ. ಒಂದು ಓಡಲು, ಒಂದು ನೋಡಲು, ಒಂದು ಗುಂಡಿಗೆ, ಒಂದು ಸ್ಕೋಪ್ ತೆರೆಯಲು. ಸ್ಪ್ರೇ ಮಾಡುವಾಗ ಬಂದೂಕು ಮೇಲೇಳದಂತೆ ಇಡೀ ಫೋನನ್ನೇ ಮಣಿಕಟ್ಟಿನಿಂದ ಕೂದಲೆಳೆಯಷ್ಟು ಬಗ್ಗಿಸುತ್ತಾನೆ, ಅದೇ ಗೈರೋ. ಕೆಂಪು ಚುಕ್ಕೆಯ ಸ್ಕೋಪಿಗೆ ಒಂದು ಸೆನ್ಸಿಟಿವಿಟಿ, 3ಎಕ್ಸ್‌ಗೆ ಇನ್ನೊಂದು, 6ಎಕ್ಸ್‌ಗೆ ಮತ್ತೊಂದು, ಗೈರೋಗೆ ಇವೆಲ್ಲ ಪ್ರತ್ಯೇಕ. ಹುಡುಗರು ತಮ್ಮ ಸೆನ್ಸಿಟಿವಿಟಿ ಕೋಡ್‌ಗಳನ್ನು ಕೊಟ್ಟುತೆಗೆದುಕೊಳ್ಳುವುದನ್ನು ನೋಡಿದರೆ ಹಳೆಯ ಕಾಲದ ರೇಡಿಯೊ ರಿಪೇರಿಯವರ ಮಾತು ಕೇಳಿದಂತಿರುತ್ತದೆ. ಮೌಸ್ ಹಿಡಿದವನಿಗೆ ಇಲ್ಲದ ಇನ್ನೊಂದು ತಾಪತ್ರಯ ಇವರಿಗಿದೆ: ಆಡುವ ಬೆರಳೇ ನೋಡಬೇಕಾದ ಚಿತ್ರವನ್ನು ಮುಚ್ಚುತ್ತದೆ.

ಒಂದು ಗುಂಡಿನ ಲೆಕ್ಕ ಮಾಡೋಣ. ಕೌಂಟರ್ ಸ್ಟ್ರೈಕ್‌ನಲ್ಲೂ ವ್ಯಾಲರಂಟ್‌ನಲ್ಲೂ ಟ್ರಿಗರ್ ಒತ್ತಿದ ಕ್ಷಣವೇ ಗುಂಡು ತಲುಪಿರುತ್ತದೆ. ಗುಂಡಿಗೆ ಪ್ರಯಾಣವಿಲ್ಲ, ಇಳಿಜಾರಿಲ್ಲ. ಬಿಜಿಎಂಐಯಲ್ಲಿ ಗುಂಡು ಹಾರುತ್ತದೆ, ದೂರ ಹೋದಂತೆ ಕೆಳಗಿಳಿಯುತ್ತದೆ. ಅದು ಸೆಕೆಂಡಿಗೆ ಸುಮಾರು 900 ಮೀಟರ್ ಹೋಗುತ್ತದೆ ಎಂದುಕೊಳ್ಳಿ; 200 ಮೀಟರ್ ದೂರದಲ್ಲಿ ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಅಡ್ಡಲಾಗಿ ಜೀಪು ಓಡುತ್ತಿದೆ. ಗುಂಡು ತಲುಪುವಷ್ಟರಲ್ಲಿ ಜೀಪು ನಾಲ್ಕು ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ. ಅಂದರೆ ಏನೂ ಇಲ್ಲದ ಖಾಲಿ ಜಾಗಕ್ಕೆ, ಚೂರು ಮೇಲಕ್ಕೆ ಹೊಡೆಯಬೇಕು. ಚಹಾದಂಗಡಿಯ ಹುಡುಗ ಈ ಲೆಕ್ಕವನ್ನು ಬೆರಳಿನಲ್ಲಿ ಮಾಡಿ ಡ್ರೈವರನ್ನು ಬೀಳಿಸಿ, "ದೇಖಾ ಕಾಕಾ?" ಎಂದು ಒಂದು ಕ್ಷಣ ನನ್ನತ್ತ ನೋಡಿ ಮತ್ತೆ ತಲೆ ಬಗ್ಗಿಸುತ್ತಾನೆ. ಕೌಂಟರ್ ಸ್ಟ್ರೈಕ್‌ನ ಜಗದೇಕವೀರನಿಗೂ ತನ್ನ ಆಟದಲ್ಲಿ ಈ ಲೆಕ್ಕ ಮಾಡುವ ಸಂದರ್ಭವೇ ಬರುವುದಿಲ್ಲ.

ಇದಕ್ಕೆ ಎರಡು ಆಕ್ಷೇಪಗಳಿವೆ. ಒಂದು, ಬಿಜಿಎಂಐ ಸ್ಪರ್ಧೆಗಳಲ್ಲಿ ಕ್ಯಾಮೆರಾ ಆಟಗಾರನ ಬೆನ್ನ ಹಿಂದಿರುತ್ತದೆ, ಅದು ಫಸ್ಟ್ ಪರ್ಸನ್ ಆಟವೇ ಅಲ್ಲ. ಒಪ್ಪಿದೆ. ಗೋಡೆಯಾಚೆ ಇಣುಕಿ ನೋಡಬಹುದು, ನಿಜ. ಎದುರಿನವನೂ ನೋಡಬಹುದು, ಅದೂ ನಿಜ. ಹಾಗಾಗಿ ಅಲ್ಲಿ ಮೊದಲು ಹೊರಗೆ ಕಾಲಿಡುವವನೇ ಮೂರ್ಖ. ಅವನನ್ನು ಹೊರಗೆ ಎಳೆಯುವುದು ಹೇಗೆ ಎಂಬುದೇ ಆಟ. ಕಣ್ಣಿನ ಜಾಗದಲ್ಲೇ ಕ್ಯಾಮೆರಾ ಬೇಕೆಂದವರಿಗೆ 2019ರಲ್ಲಿ ಬಂದ ಕಾಲ್ ಆಫ್ ಡ್ಯೂಟಿ ಮೊಬೈಲ್ ಇದೆ, ಅದನ್ನೂ ಇವರು ಒಳಗೆ ಬಿಟ್ಟುಕೊಂಡಿಲ್ಲವಲ್ಲ.

ಎರಡನೆಯದು, ಅದೃಷ್ಟ. ಯಾವ ಮನೆಯಲ್ಲಿ ಯಾವ ಬಂದೂಕು ಸಿಗುತ್ತದೋ, ಆಡುವ ಜಾಗವನ್ನು ಕಿರಿದಾಗಿಸುತ್ತ ಬರುವ ಝೋನ್ ಎಲ್ಲಿ ಮುಚ್ಚುತ್ತದೋ ಗೊತ್ತಿಲ್ಲ, ಹಾಗಾಗಿ ಇದು ಲಾಟರಿ ಎನ್ನುತ್ತಾರೆ. ಇಸ್ಪೀಟಿನಲ್ಲಿ ಎಲೆ ಹಂಚುವುದು ಅದೃಷ್ಟವಾದರೂ ಬಿದ್ದ ಎಲೆ ನೆನಪಿಟ್ಟು ಕೈ ಕಟ್ಟುವುದು ಕೌಶಲ, ಆದ್ದರಿಂದ ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿತು. ಬಿಜಿಎಂಐ ಟೂರ್ನಿಯಲ್ಲಿ 16 ತಂಡ, 64 ಜನ. ಒಂದು ಪಂದ್ಯದಿಂದ ಯಾರೂ ಚಾಂಪಿಯನ್ ಆಗುವುದಿಲ್ಲ. ಈಚಿನ ಪದ್ಧತಿಯಲ್ಲಿ ಮೊದಲ ಸ್ಥಾನಕ್ಕೆ 10 ಅಂಕ, ಎರಡನೆಯದಕ್ಕೆ 6, ಪ್ರತಿ ಕಿಲ್‌ಗೆ 1. ಹಲವು ದಿನ ಹಲವು ಪಂದ್ಯ ಆಡಿ ಕೂಡಿಸಿದಾಗ ಅದೃಷ್ಟ ಸೋಸಿ ಹೋಗುತ್ತದೆ. ಉಳಿಯುವುದು ನಿರ್ಧಾರ: ಎದುರಿನ ಗುಡ್ಡದ ತಂಡದ ಮೇಲೆ ಬಿದ್ದು ನಾಲ್ಕು ಅಂಕ ತರೋಣವೇ, ಇಲ್ಲವೇ ಗದ್ದಲ ಕೇಳಿ ಮೂರನೆಯ ತಂಡ ಬೆನ್ನಿಗೆ ಬರುತ್ತದೆಂದು ಸುಮ್ಮನಿರೋಣವೇ? ಸಿಎಸ್‌ನಲ್ಲಿ ಶತ್ರು ಒಂದೇ ತಂಡ. ಇಲ್ಲಿ ಹದಿನೈದು.

ಪಟ್ಟಿಯ ಹಿಂದಿನ ಕಥೆಗೆ ಬರುತ್ತೇನೆ. 1999ರಲ್ಲಿ ಹಾಫ್ ಲೈಫ್ ಎಂಬ ಆಟದ ಮೇಲೆ ಇಬ್ಬರು ಹವ್ಯಾಸಿಗಳು ಕಟ್ಟಿದ ಆಟ ಕೌಂಟರ್ ಸ್ಟ್ರೈಕ್. 2000ದ ದಶಕದಲ್ಲಿ ಬೆಂಗಳೂರಿನ ಸೈಬರ್ ಕೆಫೆಗಳಲ್ಲಿ ಗಂಟೆಗಿಷ್ಟು ಎಂದು ಕೊಟ್ಟು ಅದರ 1.6 ಆವೃತ್ತಿ ಆಡಿದವರು ಇವತ್ತಿನ ಹಿರಿಯರು. ಕೆಫೆ ಇದ್ದ ಬಡಾವಣೆಯವರು, ಗಂಟೆಯ ಬಾಡಿಗೆ ಕೊಡಬಲ್ಲವರು, ಸಂಜೆ ಹೊರಗೆ ಹೋಗಲು ಮನೆಯಲ್ಲಿ ಬಿಟ್ಟವರು. ಹುಡುಗಿಯರು ಅಲ್ಲಿ ಎಷ್ಟು ಮಂದಿ ಇದ್ದರು ಎಂದು ಆ ಹಿರಿಯರನ್ನೇ ಕೇಳಿ. ಸೆಪ್ಟೆಂಬರ್ 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು, 2018ರಲ್ಲಿ ಪಬ್ಜಿ ಮೊಬೈಲ್ ಬಂತು. ಕೆಫೆಯನ್ನೇ ಕಾಣದ ಊರುಗಳು ಒಂದೇ ಏಟಿಗೆ ಮೈದಾನಕ್ಕೆ ಇಳಿದವು. ಆಮೇಲೆ ಸರ್ಕಾರ 2020ರ ಸೆಪ್ಟೆಂಬರ್ 2ರಂದು ಪಬ್ಜಿಯನ್ನು ನಿಷೇಧಿಸಿತು. 2021ರ ಜುಲೈಯಲ್ಲಿ ಬಿಜಿಎಂಐ ಆಗಿ ಬಂದದ್ದು 2022ರ ಜುಲೈಯಲ್ಲಿ ಮತ್ತೆ ಮಾಯ, 2023ರ ಮೇನಲ್ಲಿ ಮತ್ತೆ ಪ್ರತ್ಯಕ್ಷ. ತಾನು ಕಲಿಯುವ ಆಟ ನಾಳೆ ಬೆಳಗ್ಗೆ ಫೋನಿನಲ್ಲಿ ಇರುತ್ತದೋ ಇಲ್ಲವೋ ಎಂಬ ಅನುಮಾನದಲ್ಲೇ ತಾಲೀಮು ಮಾಡಬೇಕಾದ ಪಾಡು ಸಿಎಸ್‌ನವರಿಗೆ ಬರಲಿಲ್ಲ.

ಮೊಬೈಲ್ ಹುಡುಗರೇನೂ ಸಾಚಾ ಅಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಇದೇ ಕನ್ಹಾನ್‌ನ ಬೆಂಚಿನಲ್ಲಿ ಬಿಜಿಎಂಐ ಆಡುವವರು ಫ್ರೀ ಫೈರ್ ಆಡುವವರನ್ನು ಆಡಿಕೊಳ್ಳುತ್ತಾರೆ. ಕಾರಣ? ಅದು ಕಡಿಮೆ ಬೆಲೆಯ ಫೋನಿನಲ್ಲೂ ಓಡುತ್ತದೆ. ಐಪ್ಯಾಡ್ ಇರುವವನು ಅಗಲವಾದ ನೋಟದ ಅನುಕೂಲ ಪಡೆದು ಇವರಿಬ್ಬರನ್ನೂ ಹೊಡೆದು, ಅದನ್ನೂ ಸ್ಕಿಲ್ ಎನ್ನುತ್ತಾನೆ. ಉಗುಳಲು ಪ್ರತಿ ಮೆಟ್ಟಿಲಿಗೂ ಕೆಳಗೊಂದು ಮೆಟ್ಟಿಲು ಬೇಕು. ಎಲ್ಲ ಮೆಟ್ಟಿಲಲ್ಲೂ ಮಾತು ಬೆಲೆಯದ್ದೇ, ಹೆಸರು ಮಾತ್ರ ಕೌಶಲದ್ದು.

ಹಾಗಾದರೆ ಆಟಗಳನ್ನು ಹೋಲಿಸಲೇಬಾರದೆ? ಹೋಲಿಸಿ. ಯಾವ ಆಟ ಏನು ಕೇಳುತ್ತದೆ ಎಂದು ಹೋಲಿಸಿ, ನಾನೂ ಮಾಡಿದ್ದು ಅದನ್ನೇ. ಯಾವುದು ಹೆಚ್ಚು ಕೇಳುತ್ತದೆ ಎಂದು ಅಂಕ ಹಾಕಲು ಹೋದಾಗಲೇ ದಾರಿ ತಪ್ಪುವುದು. ಸ್ಪರ್ಧೆಯಲ್ಲಿ ಆಟವನ್ನು ಕಷ್ಟ ಮಾಡುವವನು ಎದುರಾಳಿ. ಕಲಿಯಲು ಸುಲಭವಾದ ಆಟಕ್ಕೆ ಜನ ಹೆಚ್ಚು ಬರುತ್ತಾರೆ. ಜನ ಹೆಚ್ಚಾದಷ್ಟೂ ಮೇಲೆ ಬರುವುದು ಕಷ್ಟ. ಊರಲ್ಲಿ ಐದು ಜನ ಆಡುವ ಕಠಿಣ ಆಟದಲ್ಲಿ ಮೊದಲಿಗನಾಗುವುದಕ್ಕಿಂತ ಊರೆಲ್ಲ ಆಡುವ ಸುಲಭ ಆಟದಲ್ಲಿ ಮೊದಲಿಗನಾಗುವುದು ಕಷ್ಟ. ಸಿಎಸ್ ಪರ ಇರುವ ಅತಿ ಬಲವಾದ ವಾದವೂ ಇಲ್ಲಿಗೇ ಬಂದು ನಿಲ್ಲುತ್ತದೆ. ಡಸ್ಟ್ 2 ಎಂಬ ನಕ್ಷೆ 2001ರಿಂದ ಇದೆ, ಅದರ ಪ್ರತಿ ಮೂಲೆಯ ಬಗ್ಗೆ ಎರಡು ತಲೆಮಾರಿನ ತಿಳಿವಳಿಕೆ ಕೂಡಿದೆ, ಹೊಸಬ ಅದನ್ನೆಲ್ಲ ಕಲಿತೇ ಬರಬೇಕು. ಸತ್ಯ. ಆದರೆ ಆ ತಿಳಿವಳಿಕೆ ಕೂಡಿಸಿದ್ದು ಜನ, ಇಪ್ಪತ್ತೈದು ವರ್ಷ ಒಬ್ಬರನ್ನೊಬ್ಬರು ಹೊಡೆದುಕೊಂಡು ಕಲಿತ ಜನ. ಅಷ್ಟೇ ವರ್ಷ ಅಷ್ಟೇ ಜನ ಬೇರೆ ಯಾವ ಆಟಕ್ಕೆ ಬಿದ್ದಿದ್ದರೂ ಅದೂ ಅಷ್ಟೇ ಆಳವಾಗುತ್ತಿತ್ತು.

ಚದುರಂಗದವರಿಗೆ ಇದು ಎಂದೋ ತಿಳಿದಿದೆ. ಅಂತರರಾಷ್ಟ್ರೀಯ ಚೆಸ್ ಒಕ್ಕೂಟ ಫೀಡೆ ಒಬ್ಬನೇ ಆಟಗಾರನಿಗೆ ಕ್ಲಾಸಿಕಲ್, ರ‍್ಯಾಪಿಡ್, ಬ್ಲಿಟ್ಜ್ ಎಂದು ಮೂರು ಬೇರೆ ಬೇರೆ ರೇಟಿಂಗ್ ಕೊಡುತ್ತದೆ. ಹಲಗೆ ಅದೇ, ಕಾಯಿ ಅದೇ, ಗಡಿಯಾರ ಮಾತ್ರ ಬೇರೆ. ಅಷ್ಟಕ್ಕೇ ಅಂಕ ಬೆರೆಸುವುದಿಲ್ಲ. ಈ ರೇಟಿಂಗ್ ಲೆಕ್ಕ ಹಾಕುವ ಎಲೋ ಪದ್ಧತಿಯ ಅಂಕಕ್ಕೆ ಅರ್ಥ ಬರುವುದೇ ಒಟ್ಟಿಗೆ ಆಡುವವರ ಗುಂಪಿನೊಳಗೆ. ನಮ್ಮ ನಾಗಪುರದ ದಿವ್ಯಾ ದೇಶಮುಖ್ 2025ರ ಜುಲೈಯಲ್ಲಿ ಬಟುಮಿಯಲ್ಲಿ ಮಹಿಳಾ ವಿಶ್ವಕಪ್ ಗೆದ್ದಾಗ ಕೊನೇರು ಹಂಪಿ ಜೊತೆಗಿನ ಎರಡೂ ಕ್ಲಾಸಿಕಲ್ ಪಂದ್ಯ ಡ್ರಾ ಆಗಿದ್ದವು, ತೀರ್ಮಾನವಾದದ್ದು ರ‍್ಯಾಪಿಡ್‌ನಲ್ಲಿ. ಅದನ್ನು ಕಡಿಮೆ ದರ್ಜೆಯ ಗೆಲುವು ಎಂದು ನಾಗಪುರದಲ್ಲಿ ನಿಂತು ಹೇಳುವ ಧೈರ್ಯ ಯಾರಿಗಿದೆ? ಒಂದೇ ಚದುರಂಗದೊಳಗೆ ಬೆರೆಸದ್ದನ್ನು ಇವರು ಎಕೆ-47ಕ್ಕೂ ಗೈರೋಸ್ಕೋಪಿಗೂ ಬೆರೆಸಿ ಅಂಕ ಹಾಕುತ್ತಾರೆ.

ಇದು ಹರಟೆಯ ವಿಷಯವಾಗಿದ್ದರೆ ನಾನು ಇಷ್ಟು ಶಾಯಿ ಖರ್ಚು ಮಾಡುತ್ತಿರಲಿಲ್ಲ. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇ-ಸ್ಪೋರ್ಟ್ಸನ್ನು ಬಹುಕ್ರೀಡಾ ಸ್ಪರ್ಧೆಗಳ ಭಾಗವೆಂದು ಗುರುತಿಸಿತು. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿದರೂ ಇ-ಸ್ಪೋರ್ಟ್ಸಿಗೆ ಮಾನ್ಯತೆ ಕೊಟ್ಟಿತು. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಪದಕಕ್ಕೆ ಇದ್ದ ಆಟಗಳಲ್ಲಿ ಕೌಂಟರ್ ಸ್ಟ್ರೈಕ್ ಇರಲಿಲ್ಲ, ವ್ಯಾಲರಂಟ್ ಇರಲಿಲ್ಲ. ಪಬ್ಜಿ ಮೊಬೈಲ್ ಇತ್ತು, ಅದೂ ಮನುಷ್ಯರ ಬದಲು ಗುರಿಹಲಗೆಗೆ ಹೊಡೆಯುವಂತೆ ಮಾರ್ಪಡಿಸಿದ್ದು. ಜಗಲಿಯಲ್ಲಿ ಕೂರಿಸಿದ್ದ ಆಟವೇ ಪದಕದ ಪಂಕ್ತಿಯಲ್ಲಿತ್ತು. ನಿಷೇಧದ ಕಾರಣ ಭಾರತದ ತಂಡ ಅದರಲ್ಲಿ ಇರಲಿಲ್ಲ.

ಕರ್ನಾಟಕದಲ್ಲಾಗಲಿ ವಿದರ್ಭದಲ್ಲಾಗಲಿ ಕಾಲೇಜಿನ ಇ-ಸ್ಪೋರ್ಟ್ಸ್ ತಂಡ ಕಟ್ಟಲು ಹೊರಟಿರುವ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ಪಿಸಿ ಲ್ಯಾಬಿನ ಬಾಗಿಲಲ್ಲೇ ಹುಡುಗರನ್ನೂ ಹುಡುಗಿಯರನ್ನೂ ಜರಡಿ ಹಿಡಿಯಬೇಡಿ. ಪ್ರತಿ ಆಟಕ್ಕೂ ಬೇರೆ ಆಯ್ಕೆ ನಡೆಸಿ, ಎಲ್ಲರಿಗೂ ಒಂದೇ ಬಗೆಯ ಫೋನು, ಒಂದೇ ಬಗೆಯ ಕಂಪ್ಯೂಟರು, ಒಂದೇ ನೆಟ್‌ವರ್ಕ್ ಕೊಡಿ. ಯಾವ ಆಟ ಆಡುತ್ತೀಯ ಎಂದು ಕೇಳಿದ ಮೇಲೆ ಯಾರನ್ನು ಸೋಲಿಸಿದ್ದೀಯ ಎಂದೂ ಕೇಳಿ. ಆಯ್ಕೆಗೆ ಎರಡನೆಯ ಪ್ರಶ್ನೆಯ ಉತ್ತರ ಸಾಕು.